ಪಾರ್ಕಿಂಗ್ ಜಾಗ ಅಗೆದಿದ್ದು ನಾನು, ಕಾರು ನಿಲ್ಲಿಸಿದ್ದು ಇನ್ಯಾರೋ: ಬಾಸ್ಟನ್ ಸ್ನೋ ಬಗ್ಗೆ ಸಲಹೆ ಬೇಕು

ಬ್ರೈಟನ್ ಹೊಸಬ | 9 ಫೆಬ್ರವರಿ 2015, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಹೋದ ಆಗಸ್ಟ್‌ನಲ್ಲಿ ಬಾಸ್ಟನ್‌ಗೆ ಬಂದೆ. ಬ್ರೈಟನ್‌ನಲ್ಲಿ ಮೂರು ಮಹಡಿಯ ಹಳೇ ಮರದ ಮನೆ. ನಡು ಮಹಡಿಯಲ್ಲಿ ನಾವಿಬ್ಬರು ಹುಡುಗರು ಬಾಡಿಗೆಗಿದ್ದೇವೆ.

ಜನವರಿ 27ರಂದು ಎರಡು ಅಡಿ ಸ್ನೋ ಬಿದ್ದಾಗ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ. ಫೆಬ್ರವರಿ 2ರಂದು ಮತ್ತೆ 16 ಇಂಚು ಬಿತ್ತು. ಆಗ ಫೋಟೋ ತೆಗೆಯುವ ಮನಸ್ಸಿರಲಿಲ್ಲ. ಶನಿವಾರ ಶುರುವಾದದ್ದು ಇವತ್ತು ಸೋಮವಾರವಾದರೂ ಬೀಳುತ್ತಲೇ ಇದೆ. ಸಂಜೆ ಏಳಕ್ಕೆ ರೈಲೆಲ್ಲ ನಿಲ್ಲಿಸಿದರು. ನಾಳೆ ಇಡೀ ದಿನ ಇಲ್ಲವಂತೆ.

ನನ್ನ ಗೋಳು ಏನಪ್ಪಾ ಅಂದರೆ, ಹೋದ ವಾರ ಮೂರು ಗಂಟೆ ಅಗೆದು ಕಾರು ಹೊರಗೆ ತೆಗೆದೆ. ಅಕ್ಕಿ, ಬೇಳೆ ತರೋಣ ಅಂತ ಹೋಗಿ ಒಂದೂವರೆ ಗಂಟೆಯಲ್ಲಿ ವಾಪಸ್ ಬಂದರೆ ನಾನು ಅಗೆದ ಜಾಗದಲ್ಲಿ ಬೇರೆ ಯಾರದೋ ಕಾರು! ಮೂರು ಬೀದಿ ಆಚೆ ನಿಲ್ಲಿಸಿ ಅಕ್ಕಿ ಮೂಟೆ ಹೊತ್ತುಕೊಂಡು ಬಂದೆ. ಈಗ ಆ ಬೀದಿಯಲ್ಲಿ ಎಲ್ಲಾ ಕಾರೂ ಒಂದೇ ಥರದ ಬಿಳಿ ಗುಡ್ಡೆ. ಇವತ್ತು ಬೆಳಿಗ್ಗೆ ಅರ್ಧ ಗಂಟೆ ಅಗೆದ ಮೇಲೆ ನೀಲಿ ಬಣ್ಣ ಕಾಣಿಸಿತು. ನನ್ನ ಕಾರು ಬೂದು ಬಣ್ಣದ್ದು.

ಅಗೆದವನಿಗೆ ಜಾಗ ಅಂತ ಇಲ್ಲಿ ನಿಯಮ ಇದೆಯಾ? ಮನೆ ಮುಂದಿನ ಫುಟ್‌ಪಾತ್ ಯಾರು ತೆಗೆಯಬೇಕು? ಮನೆ ಓನರ್ ಕೇಳಿದರೆ "ನೀವೇ ಅಲ್ವಾ ಓಡಾಡೋದು" ಅಂತಾನೆ.

—

ವುಸ್ಟರ್ ಅಣ್ಣ | 9 ಫೆಬ್ರವರಿ, ರಾತ್ರಿ 10:15

ನಮ್ಮೂರ ಹೆಸರು ಬರೆಯುವುದು ವೋರ್ಸೆಸ್ಟರ್, ಹೇಳುವುದು ವುಸ್ಟರ್. ಇದು ನನ್ನ ಇಪ್ಪತ್ತನೇ ಚಳಿಗಾಲ. ಜನವರಿ 27ರದ್ದು ನಮ್ಮೂರಿನಲ್ಲಿ 34.5 ಇಂಚು, ದಾಖಲೆ ಇಟ್ಟಾಗಿನಿಂದ ಒಂದೇ ಹಿಮಗಾಳಿಗೆ ಇಷ್ಟು ಬಿದ್ದಿದ್ದು ಇದೇ ಮೊದಲು.

ತಮ್ಮಾ, ಮೊದಲು ಲೆಕ್ಕ ಕೇಳು. ಹೊಸದಾಗಿ ಬಿದ್ದ ಒಣ ಸ್ನೋ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ. ನಮ್ಮ ಡ್ರೈವ್‌ವೇ, ಅಂದರೆ ಮನೆಯಿಂದ ರಸ್ತೆಗೆ ಕಾರು ಹೋಗುವ ದಾರಿ, 40 ಅಡಿ ಉದ್ದ, 12 ಅಡಿ ಅಗಲ. ಎರಡು ಅಡಿ ಬಿದ್ದರೆ ಹತ್ತಿರ ಹತ್ತಿರ 2,700 ಕಿಲೋ ಆಯ್ತು. 50 ಕಿಲೋದ ಸಿಮೆಂಟ್ ಮೂಟೆ ಲೆಕ್ಕದಲ್ಲಿ 54 ಮೂಟೆ. ಮೂಟೆಯನ್ನಾದರೂ ತಬ್ಬಿಕೊಂಡು ಎತ್ತಬಹುದು. ಇದನ್ನು ಸಲಿಕೆ ತುದಿಯಲ್ಲಿ ಕೈ ಚಾಚಿ ಎತ್ತಬೇಕು. ರಸ್ತೆಯ ಸ್ನೋ ತಳ್ಳುವ ಪ್ಲೋ ಗಾಡಿ ತಂದು ಬಾಗಿಲಿಗೆ ಒತ್ತರಿಸಿ ಹೋಗುತ್ತಲ್ಲ, ಅದು ಒತ್ತಿ ಗಟ್ಟಿಯಾಗಿರುವುದರಿಂದ ಮೂರ್ನಾಲ್ಕು ಪಟ್ಟು ಭಾರ.

ಹಾಗಾಗಿ ಪೂರ್ತಿ ನಿಂತ ಮೇಲೆ ತೆಗೆಯೋಣ ಅಂತ ಕಾಯಬೇಡ. ಐದಾರು ಇಂಚಿಗೊಮ್ಮೆ ಹೋಗಿ ತಳ್ಳಿ ಬಾ. ತಳ್ಳುವುದು ಸಾಧ್ಯ ಇದ್ದಲ್ಲಿ ಎತ್ತಲೇಬೇಡ. ಎತ್ತಿದರೂ ಭುಜದ ಮೇಲಿಂದ ಹಿಂದಕ್ಕೆ ಎಸೆಯಬೇಡ, ಸೊಂಟ ಹಿಡಿಯುತ್ತದೆ. ಸಲಿಕೆಗೆ ಸ್ವಲ್ಪ ಅಡುಗೆ ಎಣ್ಣೆ ಸವರು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಉಪಾಯ. ಸ್ನೋ ಅಂಟುವುದಿಲ್ಲ.

ಇನ್ನೊಂದು ವಿಷಯ, ಇದನ್ನು ನಾನು ಕಲಿಯಲು ನಾಲ್ಕು ಚಳಿಗಾಲ ಬೇಕಾಯ್ತು. ಡ್ರೈವ್‌ವೇಯಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲು. ಇಲ್ಲಿ ಗಾಡಿ ಬಲಗಡೆ ಓಡುವುದರಿಂದ ಪ್ಲೋ ಬರುವುದು ನಿನ್ನ ಎಡಗೈ ಕಡೆಯಿಂದ. ಆ ಎಡಗಡೆ ರಸ್ತೆ ಅಂಚಿನಲ್ಲಿ ಒಂದು ಕಾರು ಹಿಡಿಯುವಷ್ಟು ಜಾಗ ಮೊದಲೇ ಖಾಲಿ ಮಾಡಿಡು. ಪ್ಲೋ ಹೊತ್ತು ತಂದ ಸ್ನೋ ಅಲ್ಲಿ ಉದುರುತ್ತದೆ, ನಿನ್ನ ಬಾಗಿಲಿಗೆ ಬರುವಷ್ಟರಲ್ಲಿ ಅದರ ಹೊಟ್ಟೆ ಖಾಲಿ. ನೀನು ತೆಗೆದದ್ದನ್ನೆಲ್ಲ ಬಲಗಡೆ ಹಾಕು. ಮೊದಲ ಸಲದ್ದನ್ನು ಆದಷ್ಟು ದೂರ ಹಾಕು. ಹತ್ತಿರವೇ ಗುಡ್ಡೆ ಮಾಡಿದರೆ ಮೂರನೇ ಸಲದ್ದಕ್ಕೆ ಜಾಗ ಎಲ್ಲಿ?

ಈ ವರ್ಷ ಎಲ್ಲರೂ ಸಿಕ್ಕಿಕೊಂಡಿರುವುದು ಇಲ್ಲೇ. ತೆಗೆಯುವುದು ದೊಡ್ಡದಲ್ಲ. ಎಲ್ಲಿ ಹಾಕುವುದು?

—

ಕ್ವಿನ್ಸಿ ನರ್ಸಮ್ಮ | 9 ಫೆಬ್ರವರಿ, ರಾತ್ರಿ 11:02

ಡ್ಯೂಟಿ ಮುಗಿಸಿ ಬಂದೆ, ಮನೆಗೆ ಬರಲು ಮೂರೂವರೆ ಗಂಟೆ. ಅದನ್ನು ಬಿಡಿ.

ಹೊಸಬರೇ, ಮೊದಲು ಕಾರಿನ ಹಿಂದೆ ಹೋಗಿ ಹೊಗೆ ಕೊಳವೆಯ ಸುತ್ತ ಅಗೆಯಿರಿ. ಆಮೇಲೆ ಎಂಜಿನ್ ಶುರು ಮಾಡಿ. ಕೊಳವೆ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. 2013ರ ಫೆಬ್ರವರಿಯಲ್ಲಿ ಬಾಸ್ಟನ್‌ನಲ್ಲೇ ಒಬ್ಬ ಹುಡುಗ ಹೀಗೆ ಹೋದ. ಅಪ್ಪ ಹೊರಗೆ ಸ್ನೋ ತೆಗೆಯುತ್ತಿದ್ದರು, ಮಗ ಬೆಚ್ಚಗಿರಲಿ ಅಂತ ಕಾರಿನಲ್ಲಿ ಕೂರಿಸಿದ್ದರು.

ನಲವತ್ತೈದು ದಾಟಿದವರು, ಬಿಪಿ, ಶುಗರ್ ಇರುವವರು ದಯವಿಟ್ಟು ಪಕ್ಕದ ಮನೆ ಹುಡುಗನಿಗೆ ದುಡ್ಡು ಕೊಟ್ಟು ಮಾಡಿಸಿ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಅದೇ ಹೊತ್ತಿಗೆ ಹೃದಯಕ್ಕೆ ಜಾಸ್ತಿ ಕೆಲಸ ಬೀಳುತ್ತದೆ. ವರ್ಷವೆಲ್ಲ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರು ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿದು ಸಲಿಕೆ ಹಿಡಿಯುತ್ತಾರೆ. ಎದೆ ಹಿಡಿದಂತಾದರೆ "ಗ್ಯಾಸ್ ಇರಬೇಕು" ಅಂತ ಜೀರಿಗೆ ನೀರು ಕುಡಿಯುತ್ತಾ ಕೂರಬೇಡಿ. 911ಕ್ಕೆ ಫೋನ್ ಮಾಡಿ.

—

ಬೆಂಗಳೂರು ಕಡ್ಡಿ | 10 ಫೆಬ್ರವರಿ, ಬೆಳಿಗ್ಗೆ 7:20

ಹಹಹ. ಇಲ್ಲಿ ಒಂದು ಮಳೆಗೆ ಸಿಲ್ಕ್ ಬೋರ್ಡ್ ನಿಂತರೆ "ಅಮೆರಿಕದಲ್ಲಾದರೆ..." ಅಂತ ಪಾಠ ಮಾಡುತ್ತಿದ್ದಿರಿ. ಈಗ ನಿಮ್ಮ ರೈಲೇ ನಿಂತಿದೆಯಲ್ಲಾ ಸ್ವಾಮಿ?

—

ವುಸ್ಟರ್ ಅಣ್ಣ | 10 ಫೆಬ್ರವರಿ, ಬೆಳಿಗ್ಗೆ 7:45

ಹೊಡೆಯಪ್ಪಾ, ಈ ವಾರ ನಿನ್ನದೇ. ಹಳೇ ಗಾಡಿಗಳು, ಪುಡಿ ಸ್ನೋ ಮೋಟಾರಿನೊಳಗೆ ನುಗ್ಗಿ ಕೆಡಿಸುತ್ತಿದೆ. ಕರೆಂಟ್ ಕೊಡುವ ಮೂರನೇ ಹಳಿ ಹಿಮದಲ್ಲಿ ಹೂತಿದೆ. ಮೂವತ್ತು ದಿನದಲ್ಲಿ ಆರು ಅಡಿ ಬಿದ್ದಿದೆ, ಮಧ್ಯೆ ಒಂದು ದಿನವೂ ಸರಿಯಾಗಿ ಕರಗಿಲ್ಲ. ಇಷ್ಟಾದರೂ ಸಿಲ್ಕ್ ಬೋರ್ಡ್ ಸಿಲ್ಕ್ ಬೋರ್ಡೇ ಬಿಡು.

—

ಕಾನೂನು ಪುಟ್ಟಿ | 10 ಫೆಬ್ರವರಿ, ಬೆಳಿಗ್ಗೆ 9:30

ಫುಟ್‌ಪಾತ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಾಸ್ಟನ್ ನಗರದಲ್ಲಿ ಮನೆ ಮುಂದಿನ ಫುಟ್‌ಪಾತ್ ಓನರ್ ಜವಾಬ್ದಾರಿ. ಸ್ನೋ ನಿಂತ ಮೂರು ಗಂಟೆಯೊಳಗೆ ತೆಗೆಯಬೇಕು. ರಾತ್ರಿ ನಿಂತರೆ ಸೂರ್ಯ ಹುಟ್ಟಿ ಮೂರು ಗಂಟೆಯೊಳಗೆ. ಅಗಲ ಕನಿಷ್ಠ 42 ಇಂಚು ಇರಬೇಕು. ಈ 42 ಸುಮ್ನೆ ಬಂದದ್ದಲ್ಲ, ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಹೋಗಬೇಕಲ್ಲ. ತೆಗೆದದ್ದನ್ನು ರಸ್ತೆಗೆ ಎಸೆದರೆ ದಂಡ.

ಮನೆಯಿಂದ ಹೊರಬರುವ ದಾರಿ, ಮೆಟ್ಟಿಲು ಕೂಡ ಓನರ್‌ದೇ. ಆ ಬಾಗಿಲು ನಿಮ್ಮೊಬ್ಬರಿಗೇ ಸೇರಿದ್ದು, ಜೊತೆಗೆ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಬಾಡಿಗೆದಾರರ ತಲೆಗೆ ಕಟ್ಟಬಹುದು. ಮೂರು ಮಹಡಿಗೆ ಒಂದೇ ಮೆಟ್ಟಿಲು ಅಂದರೆ ನಿಮ್ಮದಲ್ಲ.

2010ರವರೆಗೆ ಈ ರಾಜ್ಯದಲ್ಲಿ ಒಂದು ವಿಚಿತ್ರ ಇತ್ತು. ತಾನಾಗಿ ಬಿದ್ದ ಸ್ನೋ ಮೇಲೆ ಯಾರಾದರೂ ಜಾರಿ ಬಿದ್ದರೆ ಓನರ್ ಹೊಣೆಯಲ್ಲ. ಅರೆಬರೆ ತೆಗೆದು ಗುಡ್ಡೆ ಹಾಕಿ, ಅದರಿಂದ ಜಾರಿದರೆ ಹೊಣೆ! ಅದಕ್ಕೇ ಎಷ್ಟೋ ಜನ ಮುಟ್ಟುತ್ತಲೇ ಇರಲಿಲ್ಲ. ಆ ವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಈಗ ತಾನಾಗಿ ಬಿದ್ದದ್ದಾದರೂ ಓನರ್ ಎಚ್ಚರ ವಹಿಸಲೇಬೇಕು. ಇದನ್ನು ನಿಮ್ಮ ಓನರ್‌ಗೆ ನಯವಾಗಿ ಹೇಳಿ ನೋಡಿ.

—

ಬ್ರೈಟನ್ ಹೊಸಬ | 10 ಫೆಬ್ರವರಿ, ಬೆಳಿಗ್ಗೆ 9:50

ಮೇಡಂ, ಕೋಟಿ ಧನ್ಯವಾದ. ನಯವಾಗಿಯೇ ಮೆಸೇಜ್ ಹಾಕಿದ್ದೇನೆ. ಕಾರಿನ ಜಾಗ?

—

ಕಾನೂನು ಪುಟ್ಟಿ | 10 ಫೆಬ್ರವರಿ, ಬೆಳಿಗ್ಗೆ 10:05

ರಸ್ತೆ ಸರ್ಕಾರದ್ದು. ನಿಮ್ಮದು ಅಂತ ಏನೂ ಇಲ್ಲ. ಆದರೆ ನಗರ ಘೋಷಿಸುವ ಸ್ನೋ ಎಮರ್ಜೆನ್ಸಿ ಮುಗಿದ ಮೇಲೆ 48 ಗಂಟೆ ಕುರ್ಚಿಯೋ ಡಬ್ಬವೋ ಇಟ್ಟು ಜಾಗ ಹಿಡಿಯುವುದನ್ನು ನಗರ ಸಹಿಸಿಕೊಳ್ಳುತ್ತದೆ. ಆಮೇಲೆ ಕಸದ ಗಾಡಿ ಎತ್ತಿಕೊಂಡು ಹೋಗುತ್ತದೆ. ಬಾಸ್ಟನ್‌ನದೇ ಬಡಾವಣೆ ಸೌತ್ ಎಂಡ್‌ನವರು ಮಾತ್ರ ನಮ್ಮಲ್ಲಿ ಕುರ್ಚಿ ಗಿರ್ಚಿ ಬೇಡ ಅಂತ ತೀರ್ಮಾನಿಸಿದ್ದಾರೆ.

—

ಶಿಕಾಗೋ ಸಿದ್ದ | 10 ಫೆಬ್ರವರಿ, ಮಧ್ಯಾಹ್ನ 12:30

ನಮ್ಮಲ್ಲಿ ಇದಕ್ಕೆ 'ಡಿಬ್ಸ್' ಅಂತಾರೆ. ಮುರಿದ ಕುರ್ಚಿ, ಇಸ್ತ್ರಿ ಮೇಜು, ಮಕ್ಕಳ ಆಟದ ಕುದುರೆ, ಏನು ಬೇಕಾದರೂ ಇಡುತ್ತಾರೆ. ಅಜ್ಜನ ಕಾಲದಿಂದ ಬಂದ ಶಾಸ್ತ್ರ ಇದ್ದ ಹಾಗೆ, ಪುಸ್ತಕದಲ್ಲಿ ಇಲ್ಲ, ಮೀರಿದವನ ಟೈರ್ ಮಾತ್ರ ಉಳಿಯಲ್ಲ.

ಸ್ನೋವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅಂತ ನಮ್ಮೂರಿನ ಮೇಯರ್‌ಗಳನ್ನು ಕೇಳಬೇಕು. 1979ರ ಜನವರಿಯಲ್ಲಿ ದೊಡ್ಡ ಹಿಮಗಾಳಿ ಬಂತು. ಬೀದಿಗಳು ವಾರಗಟ್ಟಲೆ ತೆರವಾಗಲಿಲ್ಲ. ಮೇಯರ್ ಮೈಕಲ್ ಬಿಲಾಂಡಿಕ್, ಪಕ್ಷದ ಇಡೀ ಯಂತ್ರ ಅವರ ಹಿಂದೆ. ಫೆಬ್ರವರಿ ಕೊನೆಯ ಒಳಚುನಾವಣೆಯಲ್ಲಿ ಜೇನ್ ಬರ್ನ್ ಎದುರು ಸೋತರು. ಅಲ್ಲಿಂದ ಈಚೆಗೆ ನಾಲ್ಕು ಹನಿ ಬಿದ್ದರೂ ನಮ್ಮಲ್ಲಿ ಪ್ಲೋ ಗಾಡಿಗಳು ದಿಬ್ಬಣದ ಹಾಗೆ ಹೊರಡುತ್ತವೆ.

—

ಸಾಮರ್‌ವಿಲ್ ಸೈಕಲ್ | 10 ಫೆಬ್ರವರಿ, ಮಧ್ಯಾಹ್ನ 1:15

ನನಗೆ ಈ ಕುರ್ಚಿ ಪದ್ಧತಿ ಸರಿ ಕಾಣುವುದಿಲ್ಲ. ಎಲ್ಲರೂ ತಾವು ಅಗೆದ ಜಾಗ ಹಿಡಿದುಕೊಂಡರೆ, ಹಗಲೆಲ್ಲ ಖಾಲಿ ಜಾಗದಲ್ಲಿ ಕುರ್ಚಿ ಕೂತಿರುತ್ತದೆ, ಕಾರು ಸುತ್ತುತ್ತಿರುತ್ತದೆ. ಮನೆಗೆ ಬಂದು ರೋಗಿಗಳನ್ನು ನೋಡಿಕೊಳ್ಳುವವರು ಎಲ್ಲಿ ನಿಲ್ಲಿಸಬೇಕು? ಇನ್ನು ಆ ಕುರ್ಚಿ ಇಡುವವರು ತಮ್ಮ ಕಾರಿನ ಮೇಲಿನ ಸ್ನೋ ತಳ್ಳುವುದು ಎಲ್ಲಿಗೆ? ಫುಟ್‌ಪಾತಿಗೆ. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಆಳೆತ್ತರದ ಗುಡ್ಡೆ ಹತ್ತಿ ಬಸ್ಸಿಗೆ ಕೈ ಮಾಡುವುದನ್ನು ನೋಡಿದೆ. ಬಸ್ ಡ್ರೈವರ್‌ಗೆ ಅವರು ಕಾಣಲೇ ಇಲ್ಲ.

—

ವುಸ್ಟರ್ ಅಣ್ಣ | 10 ಫೆಬ್ರವರಿ, ಮಧ್ಯಾಹ್ನ 1:40

ಸೈಕಲ್ ಸಾಹೇಬರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಮೂರು ಗಂಟೆ ಅಗೆದು ಬಂದು ಹೇಳಿ, ಆಗ ಮಾತಾಡೋಣ.

—

ಎಮ್ಮೆ ಊರಿನವ | 10 ಫೆಬ್ರವರಿ, ಸಂಜೆ 5:10

ಬಫಲೋದಿಂದ. ಹೆಸರು ನೋಡಿ ನಗಬೇಡಿ, ನಕ್ಕವರು ಬಹಳ ಜನ ಇದ್ದಾರೆ.

ಹೋದ ನವೆಂಬರ್‌ನಲ್ಲಿ ನಮಗೆ ಬಿದ್ದದ್ದು ನೆನಪಿದೆಯಾ? ಈರಿ ಸರೋವರದ ನೀರು ಆಗ ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಉದ್ದಕ್ಕೂ ಕೊರೆಯುವ ಗಾಳಿ ಬೀಸಿದರೆ ನೀರಾವಿ ಎತ್ತಿಕೊಂಡು ಬಂದು ದಡದಲ್ಲಿ ಸುರಿಯುತ್ತದೆ. ಅದೂ ಪಟ್ಟಿ ಹಾಕಿದ ಹಾಗೆ. ಊರಿನ ದಕ್ಷಿಣಕ್ಕೆ ಕೆಲವು ಕಡೆ ಏಳು ಅಡಿ, ಉತ್ತರಕ್ಕೆ ಕೆಲವೇ ಇಂಚು. ನಾನು ಬಿಸಿಲಿನಲ್ಲಿ ನಿಂತು ದಕ್ಷಿಣದ ಕಡೆ ನೋಡಿದರೆ ಬಿಳಿ ಗೋಡೆ ಎದ್ದು ನಿಂತಿತ್ತು. ನಮ್ಮ ಫುಟ್‌ಬಾಲ್ ತಂಡ ಬಿಲ್ಸ್‌ನ ಪಂದ್ಯವನ್ನೇ ಡೆಟ್ರಾಯಿಟ್‌ಗೆ ಒಯ್ದರು.

ಆಗ ಕಣ್ಣಾರೆ ಕಂಡದ್ದು: ಸ್ನೋ ಸೊಂಟ ದಾಟಿದ ಮೇಲೆ ಪ್ಲೋ ಕೆಲಸಕ್ಕೆ ಬರುವುದಿಲ್ಲ. ಪ್ಲೋ ಬರೀ ಪಕ್ಕಕ್ಕೆ ತಳ್ಳುವ ಯಂತ್ರ. ಪಕ್ಕದಲ್ಲೇ ಜಾಗ ಇಲ್ಲ ಅಂದಮೇಲೆ ಎಲ್ಲಿಗೆ ತಳ್ಳುತ್ತದೆ? ನಡುವೆ ಜನ ಬಿಟ್ಟು ಹೋದ ಕಾರು ಬೇರೆ. ಆಗ ಬೇಕಾಗುವುದು ಮಣ್ಣು ಎತ್ತುವ ಲೋಡರ್, ಹಿಂದೆ ಟಿಪ್ಪರ್ ಸಾಲು. ಒಂದು ಬೀದಿ, ಒಂದು ಲೋಡರ್, ಬೊಗಸೆ ಬೊಗಸೆಯಾಗಿ. ಅದಕ್ಕೇ ಸಣ್ಣ ಬೀದಿಗಳು ಕೊನೆಗೆ ತೆರವಾಗುವುದು. ಹಾಗೆ ಎತ್ತಿದ್ದರಲ್ಲಿ ಬಹಳಷ್ಟನ್ನು ನಮ್ಮ ಹಳೇ ಸೆಂಟ್ರಲ್ ಟರ್ಮಿನಲ್ ರೈಲು ನಿಲ್ದಾಣದ ಹತ್ತಿರ ಸುರಿದಿದ್ದಾರೆ. ಈಗಲೂ ಅಲ್ಲೇ ಇದೆ, ಗುಡ್ಡದ ಹಾಗೆ.

ನಮ್ಮ ಬೀದಿಯಲ್ಲಿ ಒಂದು ಒಪ್ಪಂದ ಇದೆ. ಯಾರ ಮನೆ ಮುಂದೆ ಬೆಂಕಿ ನಂದಿಸುವ ನೀರಿನ ಕಂಬ ಇದೆಯೋ ಅವರು ಮೊದಲು ಅದರ ಸುತ್ತ ಮೂರು ಅಡಿ ಬಿಡಿಸಬೇಕು. ಆಮೇಲೆ ತಮ್ಮ ಕಾರು. ಬೆಂಕಿ ಬಿದ್ದ ಮೇಲೆ ಕಂಬ ಹುಡುಕಿ ಅಗೆಯುವಷ್ಟು ಹೊತ್ತು ಇರುವುದಿಲ್ಲ.

—

ಮಾಂಟ್ರಿಯಲ್ ಮಾವ | 10 ಫೆಬ್ರವರಿ, ರಾತ್ರಿ 8:20

ನಿಮ್ಮ ಜಗಳ ಓದಿ ಮಜಾ ಬಂತು. ನಮ್ಮಲ್ಲಿ ಕುರ್ಚಿ ಇಡುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಇಡೀ ಬೀದಿಯನ್ನೇ ಖಾಲಿ ಮಾಡಿಸುತ್ತಾರೆ. ಕಿತ್ತಳೆ ಬಣ್ಣದ ಬೋರ್ಡು ನೆಟ್ಟು ಹೋಗುತ್ತಾರೆ, ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಇಲ್ಲಿ ಕಾರು ಇರಬಾರದು ಅಂತ. ಆ ಹೊತ್ತಿಗೆ ಟೋಯಿಂಗ್ ಗಾಡಿ ಸೈರನ್ ಹಾಕಿಕೊಂಡು ಬರುತ್ತದೆ. ರಾತ್ರಿ ಎರಡು ಗಂಟೆಗೆ ಆ ಸದ್ದು ಕೇಳಿದರೆ ಇಡೀ ಬೀದಿಯ ಜನ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಕೀ ಹಿಡಿದು ಓಡುತ್ತಾರೆ. ನಾನೂ ಓಡಿದ್ದೇನೆ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ. ಓಡದಿದ್ದರೆ ಕಾರು ಬೇರೆ ಬೀದಿಯಲ್ಲಿರುತ್ತದೆ, ಜೊತೆಗೆ ದಂಡದ ಚೀಟಿ.

ಆಮೇಲೆ ದೊಡ್ಡ ಬ್ಲೋವರ್ ಗಾಡಿ ಸ್ನೋವನ್ನು ನುಂಗುತ್ತಾ ಪಕ್ಕದಲ್ಲೇ ನಡೆಯುವ ಲಾರಿಗೆ ಉಗುಳುತ್ತದೆ. ಲಾರಿ ತುಂಬಿದ ಕೂಡಲೇ ಮುಂದಿನ ಲಾರಿ. ಕಬ್ಬಿನ ಗದ್ದೆಯ ಕಟಾವು ನೋಡಿದ ಹಾಗೆ. ಒಂದಷ್ಟು ಲಾರಿ ಸೇಂಟ್ ಮಿಷೆಲ್‌ನ ಹಳೇ ಕಲ್ಲು ಕ್ವಾರಿಗೆ, ಒಂದಷ್ಟು ಚರಂಡಿಯ ದೊಡ್ಡ ಬಾಯಿಗೆ. ದುಡ್ಡು ನೀರಿನ ಹಾಗೆ ಖರ್ಚಾಗುತ್ತದೆ, ಟ್ಯಾಕ್ಸ್ ಕಟ್ಟುವಾಗ ಗೊತ್ತಾಗುತ್ತದೆ.

ಟೊರಾಂಟೊದವರು 1999ರಲ್ಲಿ ಸ್ನೋ ತೆಗೆಯಲು ಸೈನ್ಯ ಕರೆಸಿದರು. ನಾವು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತೇವೆ.

—

ಕ್ವಿನ್ಸಿ ನರ್ಸಮ್ಮ | 10 ಫೆಬ್ರವರಿ, ರಾತ್ರಿ 9:00

ಇಲ್ಲಿ ಚರಂಡಿಗೋ ಸಮುದ್ರಕ್ಕೋ ಸುರಿಯೋಣ ಅಂದರೆ, ಅದರಲ್ಲಿರುವ ಉಪ್ಪು, ಎಣ್ಣೆ, ಕಸ ನೀರಿಗೆ ಸೇರುತ್ತದೆ ಅಂತ ಸಾಮಾನ್ಯವಾಗಿ ಬಿಡುವುದಿಲ್ಲ. ತೀರಾ ತುರ್ತು ಇದ್ದರೆ ಮಾತ್ರ ಅನುಮತಿ. ಅದಕ್ಕೇ ಖಾಲಿ ಮೈದಾನಗಳಲ್ಲಿ ಗುಡ್ಡೆ ಹಾಕುತ್ತಿದ್ದಾರೆ. ಕರಗಿಸುವ ಯಂತ್ರಗಳನ್ನೂ ತಂದಿದ್ದಾರೆ, ಗಂಟೆಗೆ ನೂರಾರು ಟನ್ ಕರಗಿಸುತ್ತವಂತೆ. ಆದರೂ ಸಾಲುತ್ತಿಲ್ಲ.

ಹೌದು, ಉಪ್ಪಿನ ಬಗ್ಗೆ. ತೀರಾ ಚಳಿ ಇದ್ದಾಗ ಕಲ್ಲುಪ್ಪು ಸುರಿದು ಪ್ರಯೋಜನ ಇಲ್ಲ. ಮೈನಸ್ 9 ಡಿಗ್ರಿಗಿಂತ ಕೆಳಗೆ ಅದು ಮಂಕಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ತನ್ನಿ, ಅಥವಾ ಕಾಲು ಜಾರದಂತೆ ಬರೀ ಮರಳು ಹಾಕಿ. ನಮ್ಮ ಚಾವಣಿ ಅಂಚಿನಲ್ಲಿ ಐಸ್ ಗಟ್ಟಿ ಕೂತು ಕರಗಿದ ನೀರು ಗೋಡೆಯೊಳಗೆ ಇಳಿಯುತ್ತಿತ್ತು. ಹಳೇ ಉದ್ದ ಸಾಕ್ಸ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಅಂಚಿಗೆ ಅಡ್ಡ ಮಲಗಿಸಿದೆವು. ನೀರಿಗೆ ದಾರಿ ಆಯ್ತು. ನೋಡಲು ಮಾತ್ರ ಯಾರೋ ಚಾವಣಿ ಮೇಲೆ ಕಾಲು ಚಾಚಿ ಮಲಗಿದ ಹಾಗಿದೆ.

—

ಬ್ರೈಟನ್ ಹೊಸಬ | 12 ಫೆಬ್ರವರಿ, ರಾತ್ರಿ 8:30

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಕಾರು ಸಿಕ್ಕಿತು. ಕೀ ಒತ್ತಿದರೆ ಲೈಟ್ ಮಿನುಗುತ್ತದಲ್ಲ, ಕತ್ತಲಾದ ಮೇಲೆ ಬೀದಿಯಲ್ಲಿ ಒತ್ತುತ್ತಾ ಹೋದೆ. ಒಂದು ಗುಡ್ಡೆಯೊಳಗೆ ಮಸುಕಾಗಿ ಹಳದಿ ಬೆಳಕು ಬಂತು. ದೇವರಾಣೆ, ಕಣ್ಣಲ್ಲಿ ನೀರು ಬಂತು.

ಹೊಗೆ ಕೊಳವೆ ಮೊದಲು ಅಗೆದೆ, ನರ್ಸಮ್ಮ. ನಾನು ಅಗೆಯುವುದನ್ನು ನೋಡಿ ಎದುರು ಮನೆಯ ಐರಿಷ್ ಅಜ್ಜಿ ಕಿಟಕಿ ತೆರೆದು "ಸಲಿಕೆ ಹಿಡಿಯುವುದು ಹಾಗಲ್ಲ" ಅಂತ ಕೂಗಿದರು. ಕೆಳಗಿಳಿದು ಬಂದರು. ನನ್ನ ಕೈಯನ್ನು ಎಳೆದು ಸಲಿಕೆಯ ಕುತ್ತಿಗೆ ಹತ್ತಿರ ಇಟ್ಟರು. ನಿಜವಾಗಲೂ ಅರ್ಧ ಭಾರ ಇಳಿದ ಹಾಗಾಯ್ತು. 1978ರ ಫೆಬ್ರವರಿ ಕಥೆ ಹೇಳಿದರು. ಆಗ 27 ಇಂಚು ಬಿದ್ದು 128ನೇ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕಾರು ಸಿಕ್ಕಿಕೊಂಡಿದ್ದವಂತೆ. ಒಂದು ವಾರ ಯಾರೂ ಕಾರು ತೆಗೆಯುವ ಹಾಗಿರಲಿಲ್ಲ, ಜನ ಸ್ಲೆಡ್‌ನಲ್ಲಿ ಹಾಲು ಬ್ರೆಡ್ ತಂದರಂತೆ. "ಆಗ ಯಾರದೂ ಕಾರು ಓಡ್ತಿರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ" ಅಂದರು. ಅವರ ಮೆಟ್ಟಿಲನ್ನೂ ನಾನೇ ತೆಗೆದುಕೊಟ್ಟೆ. ಒಂದು ಡಬ್ಬಿ ತುಂಬ ಬಿಸ್ಕೆಟ್ ಸಿಕ್ಕಿತು.

ಓನರ್ ಒಬ್ಬ ಹುಡುಗನನ್ನು ಕಳಿಸಿದ್ದ. ಫುಟ್‌ಪಾತ್ ಆಯ್ತು. ನಾನು ಇಂಚುಪಟ್ಟಿ ಇಟ್ಟು ಅಳೆದೆ, 38 ಇಂಚು. ನಾಲ್ಕು ಇಂಚಿಗೆ ಜಗಳ ಯಾಕೆ ಅಂತ ನಾನೇ ಕೆರೆದೆ.

ಜಾಗಕ್ಕೆ ಕುರ್ಚಿ ಇರಲಿಲ್ಲ. ಸ್ನಾನದ ಬಕೆಟ್, ಅದರೊಳಗೆ ಕೆಂಪು ಮಗ್ ಇಟ್ಟು ಬಂದೆ. ಎರಡು ದಿನ ಆಯ್ತು, ಯಾರೂ ಮುಟ್ಟಿಲ್ಲ. ಏನೋ ಪೂಜೆಗೆ ಇಟ್ಟಿದ್ದಾರೆ ಅಂದುಕೊಂಡಿರಬೇಕು.

—

ಸಾಮರ್‌ವಿಲ್ ಸೈಕಲ್ | 12 ಫೆಬ್ರವರಿ, ರಾತ್ರಿ 9:10

ತತ್ವಕ್ಕೆ ವಿರೋಧ ಇದೆ. ಬಕೆಟ್‌ಗೆ ಇಲ್ಲ.

—

ಬ್ರೈಟನ್ ಹೊಸಬ | 17 ಫೆಬ್ರವರಿ, ಬೆಳಿಗ್ಗೆ 8:05

ವಾರಾಂತ್ಯದಲ್ಲಿ ಮತ್ತೆ ಒಂದು ಅಡಿಗಿಂತ ಜಾಸ್ತಿ. ನಿನ್ನೆ ರಾತ್ರಿ ಲೋಡರ್, ಟಿಪ್ಪರ್ ಬಂದು ನಮ್ಮ ಬೀದಿಯ ಒಂದು ಕಡೆಯನ್ನು ಗೋರಿಕೊಂಡು ಹೋದರು. ರಸ್ತೆ ಕಾಣುತ್ತಿದೆ! ಬಕೆಟ್, ಮಗ್ ಮಾತ್ರ ಇಲ್ಲ. ಇವತ್ತು ಸ್ನಾನ ಷವರ್‌ನಲ್ಲೇ.

ಕಿಟಕಿಯಿಂದ ಸ್ನೋ ಗುಡ್ಡೆಗೆ ಹಾರಿ ವಿಡಿಯೋ ಮಾಡಬೇಡಿ ಅಂತ ಮೇಯರ್ ವಾಲ್ಶ್ ಬೈದದ್ದು ಕೇಳಿದಿರಾ? ನನ್ನ ರೂಮ್‌ಮೇಟ್ ಎರಡನೇ ಮಹಡಿ ಕಿಟಕಿ ಹತ್ತಿರ ನಿಂತಿದ್ದ. ಸುಮ್ನೆ ನೋಡ್ತಿದ್ದೆ ಅಂತಾನೆ.

—

ವುಸ್ಟರ್ ಅಣ್ಣ | 16 ಮಾರ್ಚ್, ಬೆಳಿಗ್ಗೆ 7:30

ನಿನ್ನೆ ಬಿದ್ದ ಮೂರು ಇಂಚು ಸೇರಿ ಬಾಸ್ಟನ್ ದಾಖಲೆ ಮುರಿಯಿತು. ಹಿಂದಿನದು 107.6 ಇಂಚು, ನಾನು ಬಂದ ಚಳಿಗಾಲದ್ದೇ. ಇಷ್ಟು ಅಗೆದ ಮೇಲೆ ದಾಖಲೆಯಾದರೂ ಸಿಗಲಿ ಅಂತ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

—

ಬ್ರೈಟನ್ ಹೊಸಬ | 15 ಜುಲೈ, ರಾತ್ರಿ 10:00

ಹಳೇ ಎಳೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಬಂದರಿನ ಕಡೆ ಸೀಪೋರ್ಟ್‌ನಲ್ಲಿ ಸ್ನೋ ಸುರಿದಿದ್ದರಲ್ಲ, ಒಂದು ಕಾಲಕ್ಕೆ 75 ಅಡಿ ಎತ್ತರ ಇತ್ತು. ನಿನ್ನೆ, ಜುಲೈ 14ಕ್ಕೆ, ಅದು ಪೂರ್ತಿ ಕರಗಿತು ಅಂತ ನಗರದವರು ಸಾರಿದರು.

ನಾನು ಹೋದ ವಾರ ನೋಡಿಕೊಂಡು ಬಂದಿದ್ದೆ. ಅಂಗಿ ಬೆವರಿ ಮೈಗೆ ಅಂಟಿತ್ತು. ಅಲ್ಲಿ ಬಿಳಿ ಏನೂ ಇರಲಿಲ್ಲ. ಕಪ್ಪು ಮಣ್ಣು, ಪ್ಲಾಸ್ಟಿಕ್, ಕಸ, ಅದರಡಿಯಿಂದ ಸಣ್ಣಗೆ ನೀರು ಹರಿಯುತ್ತಿತ್ತು. ಬೇಲಿ ಆಚೆ ನಿಂತು ಎಲ್ಲಾದರೂ ಕೆಂಪು ಮಗ್ ಕಾಣುತ್ತದಾ ಅಂತ ಸುಮಾರು ಹೊತ್ತು ನೋಡಿದೆ.

ಇರಲಿಲ್ಲ.

—

ಎಮ್ಮೆ ಊರಿನವ | 30 ಜುಲೈ, ಸಂಜೆ 6:45

ಕರಗಿಯೇ ಹೋಯ್ತಾ? ನವೆಂಬರ್‌ನದ್ದು ನಮ್ಮದು ಇನ್ನೂ ಇದೆ ಕಣ್ರೀ. ಮೇಲೆ ಮಣ್ಣು ಕೂತಿದೆ, ಹುಲ್ಲೂ ಬೆಳೆದಿದೆ.